ಇಪ್ಪತ್ತೆರಡು ಹಂತಗಳು ಐದಾದದ್ದು

ಏನೂ ತಿಳಿಯದಿರುವುದೂ ಒಂದು ಉಪಯೋಗಕ್ಕೆ ಬರುತ್ತದೆ ಎಂದು ನನಗೆ ಗೊತ್ತಾದದ್ದು ಮದುವೆಯಾದ ಮೇಲೆ. ನಮ್ಮ ಮನೆಯವರಿಗೆ ರಾಯಚೂರಿನ ಸ್ಟೇಷನ್ ರಸ್ತೆಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇತ್ತು. ದೇವದುರ್ಗ, ಮಾನ್ವಿಯ ಶಾಲೆಗಳ ಕಂಪ್ಯೂಟರ್ ಕೆಟ್ಟು ನಿಂತರೆ ಇವರೇ ಬಸ್ಸು ಹತ್ತಿ ಹೋಗಿ ಆಪರೇಟಿಂಗ್ ಸಿಸ್ಟಮ್ ಹೊಸದಾಗಿ ಹಾಕಿ ಬರಬೇಕು. ಮೊಣಕಾಲು ನೋವು ಶುರುವಾದ ಮೇಲೆ, ಆ ಕೆಲಸವನ್ನು ಅವರವರೇ ಮಾಡಿಕೊಳ್ಳಲಿ ಎಂದು ಒಂದು ಚೀಟಿ ಬರೆದರು. ಅದರಲ್ಲಿ ಇಪ್ಪತ್ತೆರಡು ಹಂತ. ಪರೀಕ್ಷೆಗೆ ಆರಿಸಿದ್ದು ಹತ್ತನೇ ಕ್ಲಾಸಿಗೆ ಶಾಲೆ ಬಿಟ್ಟ ನನ್ನನ್ನು. "ನಿನಗ ತಿಳೀತಂದ್ರ ಜಿಲ್ಲಾಕ್ಕೆಲ್ಲ ತಿಳೀತದ" ಎಂದರು. ಹೊಗಳಿಕೆಯೇ ಇರಬೇಕೆಂದುಕೊಂಡು ಕೂತೆ.

ಅವರು ಮಧ್ಯಾಹ್ನ ಊಟಕ್ಕೆ ಬಂದಾಗ ಈ ಪರೀಕ್ಷೆ. ಜೋಳದ ಹಿಟ್ಟಿನ ಕೈ ಒರೆಸಿಕೊಂಡು ನಾನು ಚೀಟಿ ನೋಡಿ ಒಂದೊಂದೇ ಗುಂಡಿ ಒತ್ತುವುದು, ಅವರು ಬಾಯಿ ಬಿಡದೆ ಪಕ್ಕದಲ್ಲಿ ಕೂರುವುದು. ನಾನು ಸಿಕ್ಕಿಕೊಂಡ ಹಂತವನ್ನು ಹೊಡೆದುಹಾಕಿ, ಆ ಪ್ರಶ್ನೆಯೇ ಬರದಂತೆ ಚೀಟಿಯ ಜೊತೆ ಕೊಡುವ ಪೆನ್ ಡ್ರೈವಿನಲ್ಲಿ ಮೊದಲೇ ಉತ್ತರ ತುಂಬಿಬಿಡುತ್ತಿದ್ದರು. ಯಾವ ದೇಶ ಎಂದು ಕಂಪ್ಯೂಟರ್ ಕೇಳಿದಾಗ ಪಟ್ಟಿಯ ಮೊದಲ ಹೆಸರನ್ನೇ ಒತ್ತಿ ನಮ್ಮ ಮನೆಯನ್ನು ಅಫ್ಘಾನಿಸ್ತಾನಕ್ಕೆ ಸೇರಿಸಿದೆ. ಆ ಹಂತ ಹೋಯಿತು. ಒಪ್ಪಂದವನ್ನು ಓದಿ ಎಂದಾಗ ಕನ್ನಡಕ ತಂದು ನಿಜವಾಗಿಯೂ ಓದಲು ಕೂತೆ, ಒಲೆಯ ಮೇಲೆ ಬೇಳೆ ಸೀದಿತು, ಅದೂ ಹೋಯಿತು. ವರ್ಷ ಕಳೆಯುವುದರಲ್ಲಿ ಐದೇ ಹಂತ ಉಳಿದವು. ಐದನೆಯದು, ಸಿಕ್ಕಿಕೊಂಡರೆ ಫೋನ್ ಮಾಡಿ. ಕೆಳಗೆ ಅವರ ನಂಬರು.

ಕಳೆದ ಮಳೆಗಾಲದಲ್ಲಿ ಅವರು ಹೋದರು. ಎದೆನೋವು ಅಂದವರು ಆಸ್ಪತ್ರೆ ಮುಟ್ಟಲಿಲ್ಲ. ಅಂಗಡಿ ಮುಚ್ಚಿದೆ. ಅವರ ಫೋನನ್ನು ಮಾತ್ರ ದಿನಾ ಚಾರ್ಜಿಗೆ ಹಾಕುತ್ತಿದ್ದೆ. ಚೀಟಿ ಹಿಡಿದವರ ಕರೆಗಳು ಬರುತ್ತಲೇ ಇದ್ದವು. ಅವರಿಲ್ಲ ಎನ್ನುವ ಮಾತು ನನ್ನ ಬಾಯಿಂದ ಹೊರಡಲಿಲ್ಲ. ಮಾನ್ವಿಯವರಿಗೆ ದೇವದುರ್ಗಕ್ಕೆ ಹೋಗಿದ್ದಾರೆ ಎನ್ನುತ್ತಿದ್ದೆ, ದೇವದುರ್ಗದವರಿಗೆ ಮಾನ್ವಿಗೆ. ಹೇಳಿದ ದಿನ ಸಂಜೆ ಬಸ್ಸಿನ ಹೊತ್ತಿಗೆ ಬಾಗಿಲ ಕಡೆ ಒಮ್ಮೆ ನೋಡುತ್ತಿದ್ದೆ. ನನ್ನ ಸುಳ್ಳನ್ನು ಊರವರು ನಂಬಿದರೋ ಇಲ್ಲವೋ, ನಾನಂತೂ ನಂಬಿದ್ದೆ.

ಮೊನ್ನೆ ಮಾನ್ವಿಯ ಮಾಸ್ತರೊಬ್ಬರ ಕರೆ ಬಂತು. ಫೋನಿನಲ್ಲಿ ಹೆಸರು ನೋಡಿ, ಅವರು ಮಾತು ತೆಗೆಯುವ ಮೊದಲೇ, "ದೇವದುರ್ಗಕ್ಕ ಹೋಗ್ಯಾರ್ರಿ, ಸಂಜಿಗೆ ಬರ್ತಾರ" ಎಂದೆ.

ಮಾಸ್ತರು ದನಿ ತಗ್ಗಿಸಿದರು.

"ಅಕ್ಕಾರ, ನನಗ ದೇವದುರ್ಗಕ್ಕ ವರ್ಗ ಆಗ್ಯಾದ್ರಿ. ಇಲ್ಲೇ ಸಾಲ್ಯಾಗ ಕುಂತೀನಿ."

ಅವರೇ ಮುಂದುವರಿಸಿದರು. "ಅಣ್ಣಾರು ಹೋಗಿದ್ದು ಗೊತ್ತದರಿ. ಮಣ್ಣಿಗೂ ಬಂದಿದ್ನಿ. ನಿಮ್ಮನ್ನೇ ಕೇಳಾಕ ಫೋನ್ ಮಾಡೀನಿ. ಇಲ್ಲಿ ಎರಡು ಡಿಸ್ಕ್ ತೋರಸಾಕತ್ತದ. ಒಂದರಾಗ ಹುಡುಗರ ಮಾರ್ಕ್ಸ್ ಎಲ್ಲಾ ಅದಾವ. ಹೊಸ ಸಿಸ್ಟಮ್ ಹಾಕಾಕ ಯಾವುದು ಒರಸಲಿ?"

ಒಂದು ತಪ್ಪು ಮಾತಿಗೆ ಇಡೀ ಶಾಲೆಯ ಮಾರ್ಕ್ಸ್ ಅಳಿಸಿಹೋಗುತ್ತದೆ. ಕಣ್ಣು ಮುಚ್ಚಿ ಅವರ ಕೈಯನ್ನು ನೆನಪಿಸಿಕೊಂಡೆ. ಯಾವ ಕಂಪ್ಯೂಟರಿನಲ್ಲೂ ಸಿಸ್ಟಮ್ಮಿಗೆ ಸಣ್ಣ ಡಿಸ್ಕ್ ಕೊಟ್ಟು, ದೊಡ್ಡದನ್ನು ಜನರ ಕಾಗದಪತ್ರಕ್ಕೆ ಬಿಡುತ್ತಿದ್ದರು.

"ಸಣ್ಣದನ್ನ ಒರಸ್ರಿ. ದೊಡ್ಡದಕ್ಕ ಕೈ ಹಚ್ಚಬ್ಯಾಡ್ರಿ. ಅವರು ಹಂಗ ಮಾಡತಿದ್ರು."

ಮಾಡತಿದ್ರು. ಆ ಮಾತನ್ನು ನಾನು ಆಡಿದ್ದು ಅದೇ ಮೊದಲು.

ಇಪ್ಪತ್ತು ನಿಮಿಷಕ್ಕೆ, ಮಾರ್ಕ್ಸೆಲ್ಲ ಹಾಗೇ ಇವೆ ಎಂದು ಹೇಳಿ ಮಾಸ್ತರು ಫೋನಿಟ್ಟರು. ಕೆಲಸ ಇಷ್ಟು ಬೇಗ ಮುಗಿದದ್ದಕ್ಕೆ ನನಗೆ ಸಿಟ್ಟೇ ಬಂತು. ಇನ್ನೊಂದಿಷ್ಟು ಹಂತಗಳಿದ್ದರೆ ಅವರ ಬಗ್ಗೆ ಇನ್ನೆರಡು ಮಾತಾದರೂ ಆಡಬಹುದಿತ್ತು.

ಈಗ ಯಾರಾದರೂ ಕೇಳಿದರೆ ಹೊಸ ಚೀಟಿಯನ್ನು ನಾನೇ ಬರೆದು ಕಳಿಸುತ್ತೇನೆ. ಹಂತಗಳು ಒಂಬತ್ತಕ್ಕೆ ಏರಿವೆ. ಹೆಚ್ಚಾದ ನಾಲ್ಕರಲ್ಲೂ ಇರುವುದು ಒಂದೇ ಮಾತು, ಇಲ್ಲಿಗೆ ನಿಲ್ಲಿಸಿ ಅಕ್ಕಾರಿಗೆ ಫೋನ್ ಮಾಡಿ. ಅಣ್ಣಾರ ಚೀಟಿಯೇ ಸಲೀಸಾಗಿತ್ತು ಎಂದು ದೂರು ಹೇಳಲು ಮಾಸ್ತರು ಮತ್ತೆ ಫೋನ್ ಮಾಡಿದ್ದರು. ಅರ್ಧ ಗಂಟೆ ವಾದ ಮಾಡಿದೆ. ಅವರು ಹೇಳುವುದು ಸರಿ ಎಂದು ನನಗೂ ಗೊತ್ತಿತ್ತು. ಒಪ್ಪಿಕೊಂಡುಬಿಟ್ಟರೆ ಮಾತು ಅಲ್ಲಿಗೇ ಮುಗಿದುಹೋಗುತ್ತಿತ್ತು.