ಚಿಯಾ ಡಬ್ಬಿ ಖಾಲಿ ಮಾಡಿದ್ದು

ಬೇಡದ ಸಾಮಾನು ಎಲ್ಲರ ಮನೆಗೂ ಒಂದಲ್ಲ ಒಂದು ಸಲ ಬರುತ್ತದೆ. ನಮ್ಮವರು ಮಾಸ್ತರಿಕೆಯಿಂದ ರಿಟೈರ್ ಆದ ಮೇಲೆ ಶಿರಸಿಯ ನಮ್ಮ ಮನೆಗೆ ಮಾತ್ರ ಅದು ಬರುತ್ತಲೇ ಇದೆ. ಮೊದಲು ತಾಮ್ರದ ಬಾಟ್ಲಿ ಬಂತು. ಆಮೇಲೆ ಮೊಣಕಾಲಿಗೆ ಕಟ್ಟುವ ಪಟ್ಟಿ ಬಂತು. ಅದರ ಹಿಂದೆಯೇ ಚಿಯಾ ಬೀಜ ಬಂತು.

ಹೊಟ್ಟೆ ಇಳಿಸಲು ಏನು ಮಾಡಬೇಕು ಎಂದು ಇವರು ವಜ್ರಳ್ಳಿಯ ಗೆಳೆಯರೊಬ್ಬರಿಗೆ ಫೋನು ಮಾಡಿ ಕೇಳಿದ್ದರಂತೆ. ಫೋನು ಇಟ್ಟವರೇ ಹುಬ್ಬಳ್ಳಿಯಿಂದ ಚಿಯಾ ತರಿಸಿದರು. ಸಾಸಿವೆಗಿಂತ ಸಣ್ಣ ಕಾಳು, ನೀರಿಗೆ ಹಾಕಿದರೆ ಉಬ್ಬಿ ಲೋಳೆಯಾಗುತ್ತದೆ. ಚಮಚದ ಲೆಕ್ಕದಲ್ಲಿ ತಿನ್ನುವ ಅದನ್ನು ಇವರು ಅಕ್ಕಿ ತಂದ ಹಾಗೆ ಚೀಲದಲ್ಲಿ ತರಿಸಿ ದೊಡ್ಡ ಡಬ್ಬಿಗೆ ತುಂಬಿದರು.

"ಇನ್ಮೇಲೆ ಬೆಳಿಗ್ಗೆ ಎಲ್ಲರಿಗೂ ಇದೇಯ. ಇದು ಖಾಲಿ ಅಪ್ಪವರೆಗೆ ತೆಳ್ಳೇವು ಬಂದ್. ಕದ್ದು ಚೆಲ್ಲಿದ್ರೆ ಆನು ಇನ್ನೊಂದು ಚೀಲ ತರ್ತಿ" ಎಂದು ಮಾಸ್ತರ ದನಿಯಲ್ಲೇ ಹೇಳಿದರು.

ತೆಳ್ಳೇವು ಅಂದರೆ ನಮ್ಮ ಕಡೆಯ ತೆಳು ದೋಸೆ. ಅದರ ಮೇಲೆ ತುಪ್ಪ, ಬದಿಗೆ ಜೋನಿಬೆಲ್ಲ. ಅದಿಲ್ಲದೆ ನನಗೆ ಬೆಳಗಾದ ಹಾಗೇ ಅನಿಸುವುದಿಲ್ಲ. ಹೊಟ್ಟೆ ಇವರದ್ದು, ಪಥ್ಯ ನನಗೆ. ಸಿಟ್ಟು ನೆತ್ತಿಗೇರಿತು. ಚೆಲ್ಲಬಾರದು ತಾನೇ, ಖರ್ಚು ಮಾಡಬಾರದು ಅಂತ ಇಲ್ಲವಲ್ಲ ಎಂದು ಸೆರಗು ಸಿಕ್ಕಿಸಿದೆ.

ಓಡದ ತಂಬ್ಳಿ

ಆ ವಾರವೇ ಮನೆಯಲ್ಲಿ ಸತ್ಯನಾರಾಯಣ ಪೂಜೆ ಇತ್ತು. ಬಾಳೆ ಎಲೆಯಲ್ಲಿ ಮಜ್ಜಿಗೆಯ ತೆಳು ತಂಬ್ಳಿ ಉಂಡವರಿಗೆ ಅದರ ಬುದ್ಧಿ ಗೊತ್ತು. ಅನ್ನದಲ್ಲಿ ಗುಳಿ ಮಾಡಿ, ಸುತ್ತ ಒಡ್ಡು ಕಟ್ಟಿದರೂ ಎಲ್ಲೋ ಸಂದಿ ಹುಡುಕಿ ಹೊರಟುಬಿಡುತ್ತದೆ. ನಾನು ಒಂದೆಲಗದ ತಂಬ್ಳಿ ಮಾಡಿ ಅದಕ್ಕೆ ಒಂದು ಬಟ್ಟಲು ಚಿಯಾ ಸುರಿದೆ.

ಸಿದ್ದಾಪುರದ ಮಾವ ಪಂಕ್ತಿಯ ತುದಿಯಲ್ಲಿ ಕೂತಿದ್ದರು. ಬಿಳಿ ಪಂಚೆ. ನಾನು ಬಡಿಸಿದ ಕೂಡಲೇ ಅಭ್ಯಾಸಬಲದಿಂದ ಎರಡೂ ಕೈಯಲ್ಲಿ ಎಲೆಯ ಅಂಚು ಎತ್ತಿ ಹಿಡಿದರು. ತಂಬ್ಳಿ ಹಾಕಿದಲ್ಲೇ ಕೂತಿತ್ತು. ಮಾವ ಮೆಲ್ಲಗೆ ಒಂದು ಕೈ ಬಿಟ್ಟರು, ಆಮೇಲೆ ಇನ್ನೊಂದು ಕೈ ಬಿಟ್ಟರು.

"ಕೂಸೇ, ಹೇಳಿದ ಮಾತು ಕೇಳುವ ತಂಬ್ಳಿ ನೋಡಿದ್ದು ಇದೇ ಮೊದ್ಲು. ಇನ್ನೊಂದು ಸೌಟು ಹಾಕು" ಅಂದರು.

ಬಿಡದ ಲೇಬಲ್

ನಾನು ಮನೆಯಲ್ಲೇ ಹಲಸಿನ ಹಪ್ಪಳ ಮಾಡಿ ಡಬ್ಬಿಯಲ್ಲಿ ತುಂಬಿ ಮಾರುತ್ತೇನೆ. ಮಳೆಗಾಲದ ತಂಡಿಗೆ ಡಬ್ಬಿ ಮೇಲಿನ ನನ್ನ ಹೆಸರಿನ ಲೇಬಲ್ ಒಂದೂ ನಿಲ್ಲುತ್ತಿರಲಿಲ್ಲ. ಚಿಯಾ ಲೋಳೆ ಸವರಿ ಅಂಟಿಸಿದೆ. ನಿಂತಿತು. ಅಂತೂ ಚಿಯಾ ಡಬ್ಬಿ ಕಾಲುಭಾಗ ಇಳಿಯಿತು. ನಮ್ಮವರು ದಿನಾ ಅದನ್ನು ಕುಲುಕಿ ನೋಡಿ, ಮನೆಯವರ ಆರೋಗ್ಯ ಸುಧಾರಿಸುತ್ತಿದೆ ಎಂದು ಖುಷಿಪಡುತ್ತಿದ್ದರು.

ಒಂದು ದಿನ ಸಿದ್ದಾಪುರದ ಗಿರಾಕಿಯೊಬ್ಬಳು ಫೋನು ಮಾಡಿದಳು. "ಅಕ್ಕಾ, ಹಪ್ಪಳ ಖಾಲಿ ಆತು. ಲೇಬಲ್ ಮಾತ್ರ ಹೋಗ್ತಿಲ್ಲೆ."

"ನಾರು ಹಾಕಿ ತಿಕ್ಕು ತಂಗಿ."

"ನಾರೇ ಸವೆದೋತು. ಈಗ ಅದ್ರಲ್ಲಿ ಆನು ಸಕ್ಕರೆ ತುಂಬಿಟ್ಟಿದ್ದಿ. ಬಂದವೆಲ್ಲ, ಕಾಫಿಗೆ ಎಂತಕ್ಕೆ ಹಪ್ಪಳ ಹಾಕ್ತೆ ಹೇಳಿ ಕೇಳ್ತ."

ನನ್ನ ಹೆಸರು ಅವಳ ಅಡುಗೆಮನೆಯಲ್ಲಿ ಅಷ್ಟು ಗಟ್ಟಿಯಾಗಿ ಉಳಿದದ್ದಕ್ಕೆ ನನಗೆ ಹೆಮ್ಮೆಯೇ ಆಯಿತು. ಅವಳೂ ಬೈಯಲಿಲ್ಲ. ಮತ್ತೆರಡು ಡಬ್ಬಿ ಹಪ್ಪಳ ಹೇಳಿ, "ಒಂದಕ್ಕೆ ಲೇಬಲ್ ಬೇಡ, ಅದು ಉಪ್ಪು ಹಾಕಲೆ ಬೇಕು" ಅಂದಳು.

ತಲೆಯಲ್ಲಿ ಕಂಡದ್ದು

ನಮ್ಮ ಪಕ್ಕದ ಮನೆಯಮ್ಮ ಬನವಾಸಿ ಕಡೆಯವರು. ಅವರಿಗೆ ತಲೆಸ್ನಾನಕ್ಕೆ ಸೊಪ್ಪಿನ ಲೋಳೆಯೇ ಬೇಕು, ಅಂಗಡಿಯ ಶಾಂಪೂ ಆಗದು. ಪೇಟೆಯಲ್ಲಿ ಮತ್ತಿಸೊಪ್ಪು ಎಲ್ಲಿ ಸಿಗಬೇಕು. "ದಾಸವಾಳದ ಸೊಪ್ಪರ ಐತೇನ್ರಿ ಅಕ್ಕಾರ" ಎಂದು ಬೇಲಿ ಹತ್ತಿರ ನಿಂತರು.

ನಾನು ದೊಡ್ಡ ಪಾತ್ರೆ ತುಂಬ ಚಿಯಾ ಲೋಳೆ ಕೊಟ್ಟೆ. ಇದರಲ್ಲಿ ಒಮೆಗಾ ತ್ರೀ ಇದೆ ಎಂದು ನಮ್ಮವರು ದಿನಾ ಹೇಳುತ್ತಿದ್ದುದನ್ನೂ ಅವರಿಗೆ ದಾಟಿಸಿದೆ. ಸೋಸಿಕೊಳ್ಳಿ ಎಂದು ಹೇಳುವುದೊಂದು ಮರೆತುಹೋಯಿತು.

ಅವರು ತಲೆಸ್ನಾನ ಮಾಡಿ ಸೀದಾ ಒಂದು ಮದುವೆಗೆ ಹೋಗಿದ್ದಾರೆ. ಸಂಜೆ ಬಂದವರೇ ನನ್ನ ಬಾಗಿಲು ಬಡಿದರು. ನನ್ನ ಕಥೆ ಮುಗಿಯಿತು ಅಂದುಕೊಂಡೆ.

"ಅಕ್ಕಾರ, ಹಿಂದ ಕೂತಾಕಿ ಮಂದ್ಯಾಗ ಹೇಳಿಬಿಟ್ಲರಿ, ನಿಮ್ಮ ತಲ್ಯಾಗ ಹೇನು ಭಾಳ ಆಗ್ಯಾವ ಅಂತ."

"ಅಯ್ಯೋ, ನೀವು ಏನಂದ್ರಿ?"

"ಹೇನಲ್ಲವ್ವಾ, ಒಮೆಗಾ ತ್ರೀ ಅಂದೆ. ಕೂದಲಾ ಮುಟ್ಟಿ ನೋಡಿದ್ಲು, ರೇಷ್ಮಿ ಇದ್ದಾಂಗಿತ್ತು. ಈಗ ಆಕಿಗೂ ಬೇಕಂತ, ಒಂದು ಡಬ್ಬಿ ಕೊಡ್ರಿ."

ಒಂದಲ್ಲ, ಎರಡು ಕೊಟ್ಟೆ.

ಆಸ್ರಿಗೆ

ಡಬ್ಬಿಯ ತಳ ಕಂಡಿತು. ಗೆದ್ದೆ ಎಂದು ಆ ರಾತ್ರಿಯೇ ತೆಳ್ಳೇವಿಗೆ ಅಕ್ಕಿ ನೆನೆಹಾಕಲು ಹೊರಟೆ. ಅಷ್ಟರಲ್ಲಿ ನಮ್ಮವರು ಡಬ್ಬಿ ಕುಲುಕಿ, "ಹ್ಞಾಂ, ಚೊಲೋ ಖರ್ಚಾತು. ಎಲ್ಲರಿಗೂ ಹಿಡಿಸಿದ್ದು ಕಾಣ್ತು. ಇನ್ನೊಂದು ಚೀಲ ಹೇಳ್ತಿ" ಅಂದರು. ನಾನು ಇಷ್ಟು ದಿನ ಪಟ್ಟ ಪಾಡೆಲ್ಲ ನೀರಲ್ಲಿ ಹೋಮ. ಅಳು ಬಂತು.

ಮರುದಿನ ಇವರು ಹುಬ್ಬಳ್ಳಿಗೆ ಫೋನು ಹಚ್ಚಿ, ಲೈನು ಸಿಗದೆ ಮತ್ತೆ ಮತ್ತೆ ಒತ್ತುತ್ತಾ ಕೂತಾಗಲೇ ಆ ವಜ್ರಳ್ಳಿಯ ಗೆಳೆಯರು ಒಳಗೆ ಬಂದರು. ನಮ್ಮಲ್ಲಿ ಯಾರೇ ಬರಲಿ, ಮಾತಿಗಿಂತ ಮೊದಲು ಕುಡಿಯಲು ಏನಾದರೂ ಕೊಡಬೇಕು. ಅದಕ್ಕೆ ಆಸ್ರಿಗೆ ಎನ್ನುತ್ತೇವೆ, ಬೇಡ ಎನ್ನುವ ಹಾಗಿಲ್ಲ. ಇಷ್ಟಕ್ಕೆಲ್ಲ ಕಾರಣರಾದವರು ಕೈಗೇ ಸಿಕ್ಕಿದ್ದಾರೆ, ಬಿಡುವುದುಂಟೇ. ಡಬ್ಬಿಯಲ್ಲಿ ಉಳಿದದ್ದನ್ನೆಲ್ಲ ಲಿಂಬು ಪಾನಕಕ್ಕೆ ಸುರಿದು, ಚೆನ್ನಾಗಿ ಉಬ್ಬಲು ಬಿಟ್ಟು, ದೊಡ್ಡ ಲೋಟದಲ್ಲಿ ತಂದಿಟ್ಟೆ.

ಅವರು ಒಂದು ಗುಟುಕು ಕುಡಿದರು. ಕುಡಿದರು ಎನ್ನುವುದಕ್ಕಿಂತ ಅಗಿದರು.

"ಇದೆಂತ ಅತ್ತಿಗೆ, ಲೋಳೆ ಲೋಳೆ?"

ನಾನು ಬಾಯಿ ಬಿಡುವ ಮೊದಲೇ ನಮ್ಮವರು, "ನೀನೇ ಹೇಳಿದ್ದಲ್ದನ ಮಾರಾಯ, ಚಿಯಾ ಬೀಜ" ಅಂದರು.

"ಆನು ಎಲ್ಲಿ ಹೇಳಿದ್ದಿ? ಇದ್ರ ಹೆಸರೇ ಯಂಗೆ ಗೊತ್ತಿಲ್ಲೆ. ಆವತ್ತು ಆನು ಹೇಳಿದ್ದು, ಚಾಯ ಬಿಡು ಹೇಳಿ. ನೀನು ಹೊತ್ತು ಹೊತ್ತಿಗೆ ಸಕ್ಕರೆ ಸುರಕಂಡು ಚಾಯ ಕುಡಿತೆ, ಹೊಟ್ಟೆ ಹ್ಯಾಂಗೆ ಇಳಿತು?"

ವಜ್ರಳ್ಳಿಯ ನೆಟ್‌ವರ್ಕಿನಲ್ಲಿ "ಚಾಯ ಬಿಡು" ಎಂಬುದು ಶಿರಸಿಗೆ ಬರುವಷ್ಟರಲ್ಲಿ "ಚಿಯಾ ಬೀಜ" ಆಗಿತ್ತು.

ಅಷ್ಟರಲ್ಲಿ ಹುಬ್ಬಳ್ಳಿಯ ಲೈನು ಸಿಕ್ಕಿ ಇವರ ಕೈಯಲ್ಲಿದ್ದ ಫೋನು, "ಹಲೋ, ಎಷ್ಟು ಕಿಲೋ ಕಳಸ್ಲಿರಿ ಸರ್?" ಎಂದು ಕೂಗಿತು. ನಾನೇ ಅದನ್ನು ಕಸಿದುಕೊಂಡು "ಏನೂ ಬ್ಯಾಡ್ರಿ" ಎಂದು ಇಟ್ಟೆ. ಆಹಾ, ಅಷ್ಟು ಹಿತವಾದ ಮಾತು ನಾನು ಜನ್ಮದಲ್ಲಿ ಆಡಿರಲಿಲ್ಲ.

ನಮ್ಮವರ ಮುಖ ಸಣ್ಣಗಾಯಿತು. "ಅದು ಇರ್ಲಿ ಬಿಡು. ತಲೆನೋವು ಬಂತು, ಒಂದು ಚಾಯ ಮಾಡು" ಅಂದರು.

ನಾನು ಅಕ್ಕಿ ತೊಳೆಯುತ್ತಾ ಒಳಗಿನಿಂದಲೇ ಹೇಳಿದೆ, "ನಾಳೆಯಿಂದ ತೆಳ್ಳೇವು ಇದ್ದು. ಚಾಯ ಇಲ್ಲೆ."