ಚಿಂದಿ ಓಣಿಯ ಹೀರೋ

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಒಂದು ನಮಸ್ಕಾರ. ರಾಯದುರ್ಗದ ಜೀನ್ಸ್ ಹೊಲಿಯುವವರ ಓಣಿಗೆ ಹಿಂದಿನ ದಿನ ಬೆಂಗಳೂರಿನಿಂದ ಶಶಿಧರ್ ಎಂಬ ಹುಡುಗ ಡೈರೆಕ್ಟರ್ ಬಂದಿದ್ದ. ಧೂಳು, ಕತ್ತರಿಸಿ ಬಿಸಾಕಿದ ಬಟ್ಟೆಯ ಚಿಂದಿ ರಾಶಿ, ಅದರ ನಡುವೆ ಮಷೀನು ತುಳಿಯುತ್ತಿದ್ದ ಓಬುಲೇಶನನ್ನು ಕಂಡು ಕೈಮುಗಿದ.

"ಅಣ್ಣಾ, ನನ್ನ ಪಿಕ್ಚರ್‌ಗೆ ನೀವೇ ಹೀರೋ. ಬೆಳಿಗ್ಗೆ ಬರ್ತೀನಿ. ಇಲ್ಲಿ ಏನೂ ಬದಲಾಯಿಸಬೇಡಿ."

ಓಬುಲೇಶ ಮಷೀನು ನಿಲ್ಲಿಸಿ ಎದ್ದು ನಿಂತ. ಹೊಲಿಗೆಯವನಿಗೆ ಕೈಮುಗಿಯುವವರು ಎಲ್ಲಿದ್ದಾರೆ? ತಕ್ಷಣ ಬೆಂಗಳೂರಿನ ಗಾರ್ಮೆಂಟ್ಸಿನಲ್ಲಿದ್ದ ಮಗಳು ವನಿತಾಗೆ ಫೋನು ಮಾಡಿದ. ಹಬ್ಬಕ್ಕೂ ರಜೆ ಸಿಗದ ಹುಡುಗಿ ಅದು. "ನಿನಗ ಬರಾಕ ಆಗ್ಲಿಲ್ಲಂದ್ರ ಏನಾತವ್ವ, ನಾನೇ ನಿಮ್ಮೂರ ಟಾಕೀಸಿಗೆ ಬರ್ತೀನಿ. ಇವ ನಮ್ಮಪ್ಪ ಅಂತ ಗೆಳತ್ಯಾರಿಗೆ ತೋರ್ಸು."

ಬೆಳಿಗ್ಗೆ ಬಾಗಿಲು ತೆರೆದರೆ ಓಣಿ ಫಳಫಳ. ಪಕ್ಕದ ಮನೆಯ ಲಕ್ಷ್ಮಕ್ಕನ ದಂಡು, ಅದರಲ್ಲಿ ಅವನ ಹೆಂಡತಿ ಮೀನಾಕ್ಷಿಯೂ ಸೇರಿ, ಗುಡಿಸುವವರು ಗುಡಿಸುತ್ತ, ರಂಗೋಲಿ ಹಾಕುವವರು ಹಾಕುತ್ತ ಇದ್ದರು. ಚಿಂದಿ ಮಾಯ.

"ಅಕ್ಕಾ, ಡೈರೆಕ್ಟರ್‌ಗೆ ಬೇಕಾಗಿದ್ದೇ ಆ ಕಸ."

"ನಮ್ಮಂಥೋರ್ನ ಹುಡಿಕ್ಕೊಂಡು ಬಂದ ಪುಣ್ಯಾತ್ಮಗ ಕಸ ತೋರಿಸ್ತಿಯೇನೋ? ಮರ್ಯಾದಿ ಬ್ಯಾಡ?" ಎಂದಳು ಲಕ್ಷ್ಮಕ್ಕ.

ಚಿಂದಿ ಹೋಗಿದ್ದು ಹಿಂದಿನ ಓಣಿಗೆ, ಹಾಸಿಗೆ ತುಂಬುವ ಆದಿನಾರಾಯಣನ ಅಂಗಡಿಗೆ. ಓಬುಲೇಶ ಓಡಿದ. ಆದಿನಾರಾಯಣನಿಗೆ ಸಿನಿಮಾ ಹುಚ್ಚು, ಸಿಕ್ಕವರನ್ನು ಬಿಡುವವನಲ್ಲ.

"ಈಗಿನ ಡೈರೆಕ್ಟರ್ ಹುಡುಗ್ರು ಒಬ್ಬೊಬ್ರು ಒಂದೊಂದು ನಮೂನಿ ನೋಡಪ. ಒಬ್ಬ ಬರೇ ಕತ್ತಲಾಗ ತೆಗಿತಾನ, ಯಾರು ಯಾರ್ನ ಹೊಡೆದ್ರೋ ಗೊತ್ತಾಗಲ್ಲ. ಇನ್ನೊಬ್ಬ ಎಮ್ಮಿ ಮುಂದ ಕ್ಯಾಮೆರಾ ಇಟ್ಟು ಊಟಕ್ಕ ಹೋಗ್ತಾನ, ಅದು ಮೆಲುಕು ಹಾಕೋದು ಮುಗಿಯೋತನ ನಾವು ನೋಡ್ಬೇಕು. ನಿಮ್ಮ ಡೈರೆಕ್ಟರ್ ಯಾವ ನಮೂನಿ?"

"ಗೊತ್ತಿಲ್ರಿ. ಒಳ್ಳೇ ಹುಡುಗ. ಚಿಂದಿ ಕೊಡ್ರಿ."

"ಹಾಸಿಗಿಗೆ ತುಂಬಿಬಿಟ್ಟೀನಲ್ಲ. ಬಿಚ್ಚಿ ತಗೋ. ಹತ್ತಿ ತುಂಬಿ, ಬಾಯಿ ಹೊಲಿದು ಹೋಗು."

ಬಿಚ್ಚಿದ, ತುಂಬಿದ, ಹೊಲಿದ. ಬೆವರಿಳಿಸುತ್ತ ಮೂಟೆ ಹೊತ್ತು ತಂದು ಓಣಿಯ ನಡುವೆ ಸುರಿದು ತಲೆಯೆತ್ತಿದರೆ ಎದುರಿಗೆ ಶಶಿಧರ್, ಕಣ್ಣೊರೆಸಿಕೊಳ್ಳುತ್ತಿದ್ದ.

"ಅಣ್ಣಾ, ಶೂಟಿಂಗ್ ಮುಗೀತು. ನಾನು ಬರ್ತೀನಿ ಅಂತ ಇವರೆಲ್ಲ ಬೀದಿ ಗುಡಿಸ್ತಾ ಇದ್ದರು. ದೂರದಿಂದಲೇ ಕ್ಯಾಮೆರಾದಲ್ಲಿ ಹಿಡಿದುಬಿಟ್ಟೆ. ಕತೆಯೇ ಬದಲಾಯ್ತು. ಮೀನಾಕ್ಷಮ್ಮನೇ ಹೀರೋಯಿನ್."

"ಮತ್ತ ನಂದು?"

"ಹುಡುಕಿದ್ವಿ, ನೀವು ಸಿಗಲಿಲ್ಲ. ನಾನು ಯಾವುದನ್ನೂ ಎರಡನೇ ಸಲ ತೆಗೆಯಲ್ಲಣ್ಣ, ಅದೇ ನನ್ನ ಸ್ಟೈಲ್. ಆದರೆ ನಿಮ್ಮ ಉಪಕಾರ ಮರೆಯಲ್ಲ. ಪಿಕ್ಚರ್ ಶುರುವಿಗೇ ನಿಮ್ಮ ಹೆಸರು ಹಾಕಿ ಧನ್ಯವಾದ ಹೇಳ್ತೀನಿ."

ಓಬುಲೇಶ ಖಾಲಿ ಚೀಲ ಮಡಚತೊಡಗಿದ. ಮಗಳು ಆಗಲೇ ಗೆಳತಿಯರಿಗೆಲ್ಲ ಹೇಳಿರುತ್ತಾಳೆ. ಆದರೂ ಈ ಹುಡುಗನ ಮೇಲೆ ಸಿಟ್ಟು ಬರಲಿಲ್ಲ. "ಕೂಸು ಅವರವ್ವನ್ನಾದ್ರೂ ನೋಡ್ತಾಳಲ್ಲ. ತಣ್ಣಗ ಇರ್ರಿ ಸಾರ್" ಎಂದು ಮನಸಾರೆ ಹರಸಿದ.

"ರಂಗೋಲಿ ಮ್ಯಾಲ ಸುರಿದೀಯಲ್ಲೋ, ಬಳಿ" ಎಂದು ಲಕ್ಷ್ಮಕ್ಕ ಕಸಬರಿಗೆ ಕೊಟ್ಟಳು. ಓಬುಲೇಶ ಮೂಗೊರೆಸಿಕೊಂಡು ಗುಡಿಸತೊಡಗಿದ.

ವ್ಯಾನು ಹತ್ತಿದ್ದ ಶಶಿಧರ್ ತಿರುಗಿ ನೋಡಿ, ಹಣೆ ಚಚ್ಚಿಕೊಂಡು ತನ್ನ ಹುಡುಗರನ್ನು ಕೇಳಿದ. "ಅಯ್ಯೋ, ಎಂಥಾ ಮುಖ ಕಣ್ರೋ ಅದು. ಕ್ಯಾಮೆರಾ ಕಟ್ಟಿಬಿಟ್ರಾ?"

ಓಬುಲೇಶನ ಮುಖ ಅರಳಿತು. "ಬಿಚ್ರಿ ಸಾರ್. ಅಷ್ಟರಾಗ ಇನ್ನೊಮ್ಮೆ ಸುರಿದು ಗುಡಿಸ್ತೀನಿ."

"ಇನ್ನೊಮ್ಮೆನಾ?" ಎಂದ ಶಶಿಧರ್, ತುಂಬ ನೊಂದುಕೊಂಡು, ವ್ಯಾನಿನ ಬಾಗಿಲು ಎಳೆದುಕೊಂಡ.