ದೇವರಮನೆಯಲ್ಲಿ ಹಾಕಿ ಚೀಲ

ತಾಪತ್ರಯ ಶುರುವಾಗಿದ್ದು ಒಂದು ಚಿಟಿಕೆ ಕುಂಕುಮದಿಂದ. ಮಹಾನವಮಿಯ ಬೆಳಿಗ್ಗೆ ಶ್ರೀಪತಿ ದೇವರಮನೆಗೆ ಇಣುಕಿದರೆ, ಮಗಳು ಗೌತಮಿಯ ಐಸ್ ಹಾಕಿ ಆಟದ ಚೀಲ ರೇಷ್ಮೆ ವಸ್ತ್ರ ಹೊದ್ದು, ಕುಂಕುಮವಿಟ್ಟು, ಸೇವಂತಿಗೆ ಹಾರ ಹಾಕಿಕೊಂಡು ಮದುಮಗನ ಹಾಗೆ ಕೂತಿತ್ತು. ಎಷ್ಟು ಊದುಬತ್ತಿ ಹಚ್ಚಿದರೂ ಅದರ ಬೆವರಿನ ನಾತ ಮಾತ್ರ ಬಗ್ಗಿರಲಿಲ್ಲ.

"ಅಮ್ಮಾ, ಇದ್ಯಾಕೆ ಇಲ್ಲಿ?"

"ಅವಳ ಆಯುಧ ಅಲ್ವೇನೋ? ನಾಳೆ ವಿಜಯದಶಮಿ ಪೂಜೆ ಆಗೋವರೆಗೂ ಚೀಲ ಮುಟ್ಟೋ ಹಾಗಿಲ್ಲ," ಎಂದರು ಮೈಸೂರಿನಿಂದ ಪರ್ತ್‌ಗೆ ಬಂದಿದ್ದ ಇಂದಿರಮ್ಮ.

ರಾಜ್ಯದ ಜೂನಿಯರ್ ತಂಡದ ಆಯ್ಕೆ ಅವತ್ತು ಸಂಜೆಯೇ! ಆಗಲೇ ಶಾಲೆಗೆ ಹೊರಟುಹೋಗಿದ್ದ ಗೌತಮಿ ಅಲ್ಲಿಂದ ನೇರ ಐಸ್ ರಿಂಕಿಗೇ ಬರುವವಳು. ಆಯ್ಕೆಯಾದವರು ರಾಷ್ಟ್ರೀಯ ಪಂದ್ಯಾವಳಿಗೆಂದು ಬ್ರಿಸ್ಬೇನ್‌ಗೆ. ಹೋದ ವರ್ಷ ಅಡಿಲೇಡ್‌ಗೆ ಹೋಗಿಯೂ ಗೌತಮಿ ಬೆಂಚಿನ ಮೇಲೇ ಕೂತು ಬಂದಿದ್ದಳು. ಅತ್ತಿರಲಿಲ್ಲ. ಮಾರನೆಯ ವಾರದಿಂದಲೇ ಹೊತ್ತು ಹುಟ್ಟುವ ಮುಂಚೆ ಎದ್ದು ಅಭ್ಯಾಸ, ಕಾರಿನಲ್ಲೇ ಕೆಮಿಸ್ಟ್ರಿ, ಅಲ್ಲಿಂದ ಶಾಲೆ. ಗೋಲ್‌ಕೀಪರ್ ಅವಳು; ಗೋಲು ಬಿಟ್ಟುಕೊಟ್ಟರೆ ತಪ್ಪನ್ನು ಯಾರ ಮೇಲೂ ಹಾಕದೆ, ಒಂದು ಗುಟುಕು ನೀರು ಕುಡಿದು ಮತ್ತೆ ಗೋಲಿನ ಮುಂದೆ ನಿಲ್ಲುವಳು. ಈ ವಯಸ್ಸಿನಲ್ಲೂ ಅಮ್ಮನೆದುರು ಬಾಯಿ ಬಿಡಲಾಗದ ಶ್ರೀಪತಿಗೆ ಮಗಳೆಂದರೆ ಹೆಮ್ಮೆ, ಜೊತೆಗೆ ತುಸು ಅಂಜಿಕೆ.

ಅಷ್ಟರಲ್ಲಿ ಗಣಿ ಕಂಪನಿಯ ಬಾಸ್ ಗ್ರೆಗ್‌ನ ಫೋನು. ಅವನ ಮಗಳೂ ಗೌತಮಿಯ ಜೊತೆಗೇ ಆಡುವವಳು. ರಿಪೋರ್ಟು ಇವತ್ತೇ ಬೇಕಂತೆ. ರಜೆ ಹಾಕಿದ್ದ ಶ್ರೀಪತಿ ತೊದಲಿದ: "ಸಾರಿ ಗ್ರೆಗ್, ಲ್ಯಾಪ್‌ಟಾಪ್ ಪೂಜೆಯಲ್ಲಿದೆ. ನಾಳೆವರೆಗೂ ಮುಟ್ಟೋ ಹಾಗಿಲ್ಲ."

"ನೋ ವರೀಸ್, ಮೇಟ್," ಎಂದ ಗ್ರೆಗ್, ದನಿ ತಗ್ಗಿಸಿ, ಭಕ್ತಿಯಿಂದ. ಲ್ಯಾಪ್‌ಟಾಪ್ ಸೋಫಾದ ಮೇಲೆ ಬಿದ್ದಿತ್ತು. ಮತ್ತೆ ಫೋನು ಬಂದೀತೆಂದು ಶ್ರೀಪತಿ ಮೊಬೈಲನ್ನೇ ಆಫ್ ಮಾಡಿದ.

ಮಧ್ಯಾಹ್ನ ಅಮ್ಮ ಮಲಗಿದ್ದೇ ತಡ, ಚೀಲವನ್ನು ಎಳೆದುಕೊಂಡು, ಅದರ ಜಾಗದಲ್ಲಿ ತನ್ನ ದಿಂಬಿಟ್ಟು, ವಸ್ತ್ರ ಹೊದಿಸಿ, ಹಾರ ಹಾಕಿ ಹೊರಬಿದ್ದ. ಚೀಲ ಎಂದಿಗಿಂತ ಭಾರ. ಗೇಟಿನಲ್ಲೇ ಪಕ್ಕದ ಮನೆಯ ರಮಾಕಾಂತ್ ಅಂಕಲ್.

"ಏನ್ರೀ ಶ್ರೀಪತಿ, ಹೆಣ ಸಾಗಿಸ್ತಿದ್ದೀರಾ?"

"ಹಳೇ ಬಟ್ಟೆ ಅಂಕಲ್. ದಾನಕ್ಕೆ."

"ಇರಿ, ನಮ್ಮನೇದೂ ತರ್ತೀನಿ. ಆರ್ವೋ ಪೂರ್ತಿ, ಸಂಜೆವರೆಗೂ ಫ್ರೀನೇ ಇದೀನಿ, ನಾನೂ ಬರ್ತೀನಿ!"

ಪಿಯಾರಾ ವಾಟರ್ಸ್ ಬಡಾವಣೆಯ ಪೆಟ್ರೋಲ್ ಬಂಕ್ ಪಕ್ಕದ ದಾನದ ಡಬ್ಬದ ಮುಂದೆ ಅಂಕಲ್ ಮೊದಲು ಕೈಹಾಕಿದ್ದೇ ಹಾಕಿ ಚೀಲಕ್ಕೆ. ಅರ್ಧ ಒಳಗೆ ತುರುಕಿಯೂ ಬಿಟ್ಟರು. ಶ್ರೀಪತಿ ಬಾವಿಗೆ ಬಿದ್ದ ಕರುವನ್ನು ಎಳೆಯುವವನಂತೆ ಅದನ್ನು ಎಳೆದ.

"ಕೊಡೋ ಮನಸ್ಸಿಲ್ದಿದ್ರೆ ಯಾಕ್ರೀ ತರ್ತೀರಾ?" ಎಂದು ಗೊಣಗುತ್ತಾ ಅಂಕಲ್ ನಡೆದೇ ಮನೆಗೆ ಹೋದರು.

ಐಸ್ ರಿಂಕಿಗೆ ಓಡಿದರೆ ಗೌತಮಿ ಆಗಲೇ ಮೈತುಂಬ ಕವಚ ತೊಟ್ಟು ಐಸಿನ ಮೇಲೆ ನಿಂತಿದ್ದಾಳೆ. ಹೆಲ್ಮೆಟ್ಟಿನ ಹಣೆಗೆ ಕುಂಕುಮ!

"ಅಪ್ಪಾ, ಅದನ್ಯಾಕೆ ತಂದೆ? ನಿನ್ನೇನೇ ಅಜ್ಜೀನ ನೇರ ಕೇಳ್ದೆ. ಬೆಳಿಗ್ಗೆ ಆರತಿ ಎತ್ತಿ, ಎಲ್ಲಾನೂ ಅಜ್ಜಿ ಅವರ ಸೂಟ್‌ಕೇಸಲ್ಲೇ ಪ್ಯಾಕ್ ಮಾಡಿಕೊಟ್ರು. ಐ ಟೆಕ್ಸ್‌ಟೆಡ್ ಯೂ!"

"ಅಜ್ಜಿ ಬೇಡ ಅನ್ಲಿಲ್ವಾ?"

"ಪಕ್ ಗೋಲಿಗೆ ನುಗ್ಗಿ ಬಂದಾಗ ಸೈಡಿಗೆ ಹೋಗಬಾರ್ದು ಅಪ್ಪಾ. ಎದುರಿಗೇ ನಿಲ್ಬೇಕು." ಅವಳು ಐಸಿನ ಮೇಲೆ ಜಾರುತ್ತಾ ಹೊರಟುಹೋದಳು.

ಮೊಬೈಲ್ ಆನ್ ಮಾಡಿದ. ಮಗಳ ಸಂದೇಶದ ಕೆಳಗೆ ಅಮ್ಮ ಮಲಗುವ ಮುಂಚೆ ಕಳಿಸಿದ್ದ ವಾಯ್ಸ್ ಮೆಸೇಜು: "ಖಾಲಿ ಚೀಲಕ್ಕೆ ಪೂಜೆ ಬೇಡ ಅಂತ ಮಿಕ್ಸಿ, ನಿನ್ನ ಕಲ್ಲೊಡೆಯೋ ಸುತ್ತಿಗೆ ತುಂಬಿದ್ದೆ. ಲ್ಯಾಪ್‌ಟಾಪೂ ಪೂಜೇಲಿದೆ ಅಂದ್ಯಲ್ಲ ಫೋನಲ್ಲಿ? ಹಬ್ಬದ ದಿನ ಸುಳ್ಳಾಗಬಾರದು, ಅದನ್ನೂ ಒಳಗೇ ಇಟ್ಟಿದೀನಿ, ಹುಡುಕಬೇಡ."

ಜಿಪ್ ಎಳೆದ. ಕುಂಕುಮ ಹಚ್ಚಿಕೊಂಡ ಲ್ಯಾಪ್‌ಟಾಪ್ ಅವನನ್ನೇ ನೋಡುತ್ತಿತ್ತು.

"ಓ, ಪೂಜೆ ಬೇಗ ಮುಗೀತಾ ಮೇಟ್?" ಹಿಂದೆ ಗ್ರೆಗ್. "ಕ್ಯಾಂಟೀನ್ ಹತ್ರ ಪ್ಲಗ್ ಪಾಯಿಂಟ್ ಇದೆ."

ಮುಂದೆ ರಿಂಕಿನ ಕೂಗು, ಚಪ್ಪಾಳೆಯೆಲ್ಲ ಶ್ರೀಪತಿಗೆ ಕಿವಿಯಲ್ಲಷ್ಟೇ. ಮರಗಟ್ಟಿದ ಬೆರಳಲ್ಲಿ ರಿಪೋರ್ಟಿನ ಕೊನೆಯ ಸಾಲು ಕುಟ್ಟುವಷ್ಟರಲ್ಲಿ ಗೌತಮಿ ಬಂದು ಅಪ್ಪಿಕೊಂಡಳು. "ಬ್ರಿಸ್ಬೇನ್, ಅಪ್ಪಾ! ಆ ಲಾಸ್ಟ್ ಸೇವ್ ನೋಡಿದ್ಯಾ?"

ಸುಳ್ಳೊಂದು ನಾಲಿಗೆ ತುದಿಗೆ ಬಂತು. ನುಂಗಿಕೊಂಡ. "ಇಲ್ಲ ಪುಟ್ಟಿ. ನೋಡ್ಲಿಲ್ಲ."

"ಗುಡ್. ಅಜ್ಜಿಗೂ ಹೀಗೇ ನಿಜ ಹೇಳು."

ಹೇಳಬೇಕೆಂದು ಎದೆ ಸೆಟೆಸಿದ. ಅಷ್ಟರಲ್ಲಿ ಫೋನೇ ಬಡಿದುಕೊಂಡಿತು. ಅತ್ತ ಮನೆಯಲ್ಲಿ ದಸರಾ ಗೊಂಬೆ ನೋಡಲು ಬಂದವರ ಕಿಸಿಕಿಸಿ ನಗು, ನಡುವೆ ಇಂದಿರಮ್ಮನ ದನಿ:

"ಶ್ರೀಪತೀ, ಹಾರ ಹಾಕ್ಕೊಂಡು ಕೂತಿರೋ ಈ ದಿಂಬು ಯಾರ ಆಯುಧವೋ?"